ಕೊನೆಗೆ ಉಳಿದ 50 ಮಿ.ಲೀ. ಯಾವ ಅನಿಲ?

ಪ್ರಶ್ನೆ (ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಮಲ್ಲೇಶ್ವರ): ಮೇಡಂ, ನಮಸ್ಕಾರ. 20 ಮಿ.ಲೀ. ಹೈಡ್ರೋಕಾರ್ಬನ್ ಅನಿಲವನ್ನು 150 ಮಿ.ಲೀ. ಆಕ್ಸಿಜನ್‌ನೊಂದಿಗೆ ದಹಿಸಿ, ಕೊಠಡಿಯ ಉಷ್ಣತೆಗೆ ತಣಿಸಿದಾಗ 110 ಮಿ.ಲೀ. ಉಳಿಯಿತು, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಯಿಸಿದ ಮೇಲೆ 50 ಮಿ.ಲೀ. ಉಳಿಯಿತು. ಹೀರಲ್ಪಟ್ಟ 60 ಮಿ.ಲೀ. ಕಾರ್ಬನ್ ಡೈಆಕ್ಸೈಡ್, ಉಳಿದ 50 ಮಿ.ಲೀ. ನೀರಾವಿ ಎಂದುಕೊಂಡರೆ ಅಣುವಿನಲ್ಲಿ ಮೂರು ಕಾರ್ಬನ್, ಐದು ಹೈಡ್ರೋಜನ್ ಬರುತ್ತವೆ. ಎಲ್ಲಿ ತಪ್ಪಿದ್ದೇನೆ?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ): ಮೂರು ಕಾರ್ಬನ್‌ವರೆಗೆ ನಿಮ್ಮ ಲೆಕ್ಕ ಸರಿಯಾಗಿದೆ. ಐದು ಎಂದು ಬಂದಾಗಲೇ ಅನುಮಾನ ಮೂಡಬೇಕಿತ್ತು, ಏಕೆಂದರೆ ಜಾಡಿಯಲ್ಲಿ ತುಂಬಿಡಬಹುದಾದ ಯಾವ ಹೈಡ್ರೋಕಾರ್ಬನ್ ಅನಿಲದಲ್ಲೂ ಹೈಡ್ರೋಜನ್ ಪರಮಾಣುಗಳ ಸಂಖ್ಯೆ ಬೆಸವಾಗಿರುವುದಿಲ್ಲ.

ತಣಿಸಿದಾಗ ನೀರಾವಿಯು ದ್ರವವಾಗಿಬಿಡುತ್ತದೆ; ಇಲ್ಲಿ ಉಂಟಾದ ನೀರೆಲ್ಲ ಸೇರಿದರೂ ಹೆಚ್ಚುಕಡಿಮೆ ಒಂದು ಹನಿ. ಆದ್ದರಿಂದ ಉಳಿದ 50 ಮಿ.ಲೀ. ಉರಿಯದೆ ಮಿಕ್ಕ ಆಕ್ಸಿಜನ್, ವ್ಯಯವಾದದ್ದು 100 ಮಿ.ಲೀ. ಒಂದು ಗಾತ್ರ ಕಾರ್ಬನ್ ಡೈಆಕ್ಸೈಡ್‌ಗೆ ಒಂದು ಗಾತ್ರ ಆಕ್ಸಿಜನ್ ಬೇಕಾಗುವುದರಿಂದ ಅದರಲ್ಲಿ 60 ಮಿ.ಲೀ. ಕಾರ್ಬನ್‌ನ ಪಾಲಿಗೆ ಹೋಗಿ, ಮಿಕ್ಕ 40 ಮಿ.ಲೀ. ಹೈಡ್ರೋಜನ್‌ನೊಡನೆ ಕೂಡಿ, ತನ್ನ ಎರಡರಷ್ಟು, ಎಂದರೆ 80 ಮಿ.ಲೀ. ನೀರಾವಿಯನ್ನು ಕೊಟ್ಟಿರುತ್ತದೆ. ಅದು ಮೂಲ ಅನಿಲದ ನಾಲ್ಕರಷ್ಟು. ನಾಲ್ಕು ನೀರಿನ ಅಣುಗಳಲ್ಲಿ ಎಂಟು ಹೈಡ್ರೋಜನ್. ಅನಿಲ ಪ್ರೊಪೇನ್, ನಮ್ಮ ಅಡುಗೆ ಸಿಲಿಂಡರಿನಲ್ಲಿ ಬ್ಯೂಟೇನ್ ಜೊತೆಗೆ ಇರುವುದೇ.

ಪ್ರಶ್ನೆಯಲ್ಲಿ ಉಷ್ಣತೆಯನ್ನು ಹೇಳಿರುವ ಮಾತನ್ನು ಓದದೆ ಮುಂದೆ ಹೋಗುವವರೇ ಹೆಚ್ಚು. ಇದೇ ಅಳತೆಯನ್ನು 100 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ಒಂದೇ ಒತ್ತಡದಲ್ಲಿ ಮಾಡಿದ್ದರೆ ನೀರೂ ಅನಿಲವಾಗಿಯೇ ಉಳಿದು, 170 ಮಿ.ಲೀ. ಇದ್ದದ್ದು 190 ಆಗುತ್ತಿತ್ತು.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಕಡಿಮೆ ಒತ್ತಡದಿಂದ ಉತ್ತರ ಬದಲಾಗುವುದೇ?

ಉತ್ತರ: ಬದಲಾಗುವುದಿಲ್ಲ. ಗೇ-ಲುಸಾಕ್ 1808ರಲ್ಲಿ ಪ್ರಕಟಿಸಿದ ಗಾತ್ರಗಳ ಅನುಪಾತಕ್ಕೆ ಅವೊಗಾಡ್ರೊ 1811ರಲ್ಲಿ ಕೊಟ್ಟ ಕಾರಣ ಇಷ್ಟೇ: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ. ಆ ಒತ್ತಡ ಎಷ್ಟೆಂಬುದು ಮುಖ್ಯವಲ್ಲ. ಆದರೆ ಗ್ರಾಂನಿಂದ ಲೀಟರಿಗೆ ಹೋಗುವಾಗ ಒಂದು ಮೋಲ್‌ಗೆ (ಅಣುಗಳ ಒಂದು ನಿಗದಿತ ಸಂಖ್ಯೆಗೆ) 22.4 ಲೀಟರ್ ಎಂಬ ಅಂಕಿಯನ್ನು ಬಳಸಬೇಡಿ, ಅದು 0 ಡಿಗ್ರಿ ಸೆಲ್ಸಿಯಸ್, 1 ವಾಯುಭಾರದ ಅಂಕಿ. ನಮ್ಮೂರಿನ ಸುಮಾರು 0.9 ವಾಯುಭಾರ, 27 ಡಿಗ್ರಿಯಲ್ಲಿ ಒಂದು ಮೋಲ್ ಅನಿಲ 27 ಲೀಟರಿಗಿಂತ ತುಸು ಹೆಚ್ಚೇ ಜಾಗ ಹಿಡಿಯುತ್ತದೆ.