ಓಎಲ್‌ಇಡಿಯ 'ಓ'ಗೆ ಏನು ಪದ ಹಾಕೋಣ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಅಂತ ಓಎಲ್‌ಇಡಿ (ಆರ್ಗ್ಯಾನಿಕ್ ಲೈಟ್ ಎಮಿಟಿಂಗ್ ಡಯೋಡ್, ಕರೆಂಟ್ ಹರಿಸಿದರೆ ಬೆಳಗುವ ಸಾಧನ) ಬಗ್ಗೆ ಒಂದು ಬರಹ ಮಾಡುತ್ತಿದ್ದೇನೆ. ಆರ್ಗ್ಯಾನಿಕ್ ಸೆಮಿಕಂಡಕ್ಟರ್‌ಗೆ ಯಾವ ಪದ ಬಳಸಲಿ? ಅರೆವಾಹಕದ ಬಗ್ಗೆ ತಕರಾರಿಲ್ಲ, ಅದು ಚೆನ್ನಾಗಿಯೇ ಇದೆ. ತೊಂದರೆ ಕೊಡುತ್ತಿರುವುದು 'ಸಾವಯವ'.

ಸಾವಯವ ರಸಾಯನಶಾಸ್ತ್ರ ಅಂತ ಪಠ್ಯದಲ್ಲಿದೆ, ಗೊತ್ತು. ಆದರೆ ಬೆಂಗಳೂರಲ್ಲಿ ಈಗ ಸಾವಯವ ಅಂದರೆ ಸಿರಿಧಾನ್ಯ, ಬೆಲ್ಲ, ಗಾಣದ ಎಣ್ಣೆ ಮತ್ತು ಸ್ವಲ್ಪ ಜಾಸ್ತಿ ರೇಟು. 'ಸಾವಯವ ಅರೆವಾಹಕ' ಅಂತ ಬರೆದರೆ ರಾಸಾಯನಿಕ ಹಾಕದೆ ಮಾಡಿದ ಚಿಪ್ ಅಂದುಕೊಳ್ಳುವವರೇ ಹೆಚ್ಚು. ವಿಷಯ ಪೂರ್ತಿ ಉಲ್ಟಾ. 1987ರಲ್ಲಿ ಕೊಡಾಕ್‌ನ ಚಿಂಗ್ ಟ್ಯಾಂಗ್, ಸ್ಟೀವನ್ ವ್ಯಾನ್ ಸ್ಲೈಕ್ ಇಬ್ಬರೂ ತೋರಿಸಿದ ಓಎಲ್‌ಇಡಿಯಲ್ಲಿ ಬೆಳಕು ಕೊಟ್ಟ ವಸ್ತು ಲ್ಯಾಬಿನಲ್ಲಿ ತಯಾರಾದದ್ದು, ಅದರ ಅಣುವಿನ ನಡುವೆ ಅಲ್ಯೂಮಿನಿಯಂ ಬೇರೆ ಇದೆ!

ಹಾಗಾದರೆ 'ಇಂಗಾಲದ ಅರೆವಾಹಕ' ಅನ್ನಬಹುದಲ್ವಾ ಅಂತ ನೀವು ಕೇಳಬಹುದು. ಆಗ ಸಿಲಿಕಾನ್ ಕಾರ್ಬೈಡ್ ಎಲ್ಲಿಗೆ ಹೋಗಬೇಕು? ಅದರಲ್ಲೂ ಇಂಗಾಲ ಇದೆ, ಅದೂ ಅರೆವಾಹಕವೇ, ಆದರೆ ಆರ್ಗ್ಯಾನಿಕ್ ಅಲ್ಲ, ಗಟ್ಟಿ ಹರಳು. ಇಲ್ಲಿ ಮುಖ್ಯವಾದದ್ದು ಬಿಡಿಬಿಡಿ ಅಣುಗಳು ಅಥವಾ ಪಾಲಿಮರ್ ಸರಪಳಿಗಳು. ಅವುಗಳಲ್ಲಿ ಇಂಗಾಲದ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರುತ್ತವೆ, ಅದರಿಂದಲೇ ಎಲೆಕ್ಟ್ರಾನಿಗೆ ಓಡಾಡಲು ದಾರಿ. ಸದ್ಯಕ್ಕೆ 'ಇಂಗಾಲ ಸಂಯುಕ್ತಗಳ ಅರೆವಾಹಕ' ಅಂತ ಒಮ್ಮೆ ಹೇಳಿ, ಮುಂದೆ ಸುಮ್ನೆ ಆರ್ಗ್ಯಾನಿಕ್ ಅಂತಲೇ ಬಿಟ್ಟಿದ್ದೇನೆ. 'ಜೈವಿಕ' ಮಾತ್ರ ಬೇಡ, ಜೀವಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ಜಾಗದಲ್ಲೂ ಸಿಕ್ಕಿಹಾಕಿಕೊಂಡಿದ್ದೇನೆ. ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಸೇರಿ ಆಗುವ ಎಕ್ಸೈಟಾನ್‌ಗೆ 'ಜೋಡಿ' ಅಂದೆ, ಮಕ್ಕಳಿಗೆ ಅರ್ಥವಾಗುತ್ತದೆ. ಹೋಲ್‌ಗೆ ರಂಧ್ರ ಸಾಕು, ಗುಂಡಿ ಅಂದರೆ ಈ ಊರಲ್ಲಿ ಎಲ್ಲರೂ ರಸ್ತೆ ನೋಡುತ್ತಾರೆ. ಓಎಲ್‌ಇಡಿಯಲ್ಲಿ ಈ ಜೋಡಿ ಕೂಡಿಕೊಂಡು ಬೆಳಕು ಸೂಸುತ್ತದೆ. ಬೆಳಕಿನ ಸೆನ್ಸರ್‌ನಲ್ಲಿ ಇದೇ ತಿರುಗುಮುರುಗು: ಬೆಳಕು ಬಿದ್ದು ಜೋಡಿ ಹುಟ್ಟುತ್ತದೆ, ಅದು ಒಡೆದು ಕರೆಂಟ್ ಆಗುತ್ತದೆ. ಸೂಸು ಸರಿಯಾಗಿದೆ. ಅದರ ಎದುರಿಗೆ ಏನು? 'ಗ್ರಹಿಸು' ಅಂದರೆ ಬುದ್ಧಿಯ ಕೆಲಸ ಅನಿಸುತ್ತದೆ, 'ಹೀರು' ಅಂದರೆ ಅರ್ಧ ಕಥೆ ಅಷ್ಟೇ. 'ಬೆಳಕು ಗುರುತಿಸು' ನನಗೆ ಒಪ್ಪಿಗೆ.

ಆದರೆ ಟ್ರಿಪ್ಲೆಟ್ (ಸ್ಪಿನ್ ಎಂಬ ಗುಣ ಹೊಂದಿಕೊಳ್ಳುವ ರೀತಿಯಿಂದ ಆಗುವ ಒಂದು ಬಗೆಯ ಜೋಡಿ) ಬಗೆಹರಿದಿಲ್ಲ. ಕರೆಂಟಿನಿಂದ ಹುಟ್ಟುವ ನಾಲ್ಕು ಜೋಡಿಗಳಲ್ಲಿ ಸರಾಸರಿ ಮೂರು ಟ್ರಿಪ್ಲೆಟ್, ಮಾಮೂಲಿ ವಸ್ತುವಿನಲ್ಲಿ ಅವು ಬೆಳಕು ಕೊಡದೆ ಬಹುಪಾಲು ಬಿಸಿಯಾಗಿ ಹೋಗುತ್ತವೆ, ಇರಿಡಿಯಂ ಇರುವ ಅಣು ಬಳಸಿದರೆ ಅವೂ ಬೆಳಗುತ್ತವೆ. ಬರಹದ ಜೀವಾಳವೇ ಇದು, ಬಿಡೋ ಹಾಗಿಲ್ಲ. 'ತ್ರಿವಳಿ' ಅಂದರೆ ಹೆರಿಗೆ ವಾರ್ಡ್ ನೆನಪಾಗುತ್ತದೆ. 'ತ್ರಿಕ' ಅಂತ ಯಾರಾದರೂ ತರಗತಿಯಲ್ಲಿ ಬಳಸಿದ್ದೀರಾ? ಮಕ್ಕಳು ಒಪ್ಪಿಕೊಂಡರಾ?