ಗುಂಪಿನ ಹೆಸರು ಮನೆ ಮಂದಿ, ವಿಷಯ ಕೂಸಿನ ಶಾಲೆ

ಮಾರಿಕಾಂಬೆ ಜಾತ್ರೆ ಮುಗಿದು ಎಲ್ಲರೂ ಸುಸ್ತಾಗಿ ಬಿದ್ದುಕೊಂಡಿದ್ದ ಭಾನುವಾರ ಅದು. ಜೂನ್ ಹೊತ್ತಿಗೆ ಮಗಳಿಗೆ ಆರು ತುಂಬಿರುತ್ತದೆ, ಒಂದನೇ ಕ್ಲಾಸಿಗೆ ಹಾಕಬೇಕು. ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೋ, ವ್ಯಾನ್ ಹತ್ತಿಸಿ 16 ಕಿಲೋಮೀಟರ್ ದೂರದ ಶಿರಸಿ ಪೇಟೆಗೋ ಅಂತ ಮನೆ ಗುಂಪಿನಲ್ಲಿ ಸುಮ್ನೆ ಕೇಳಿದೆ. ಕೇಳಬಾರದಿತ್ತು. ಆಮೇಲೆ ಆದದ್ದನ್ನು ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ನನ್ನ ಫೋನಿನಲ್ಲಿ ಹೇಗಿದೆಯೋ ಹಾಗೇ ಇದೆ. ಗುಡ್ ಮಾರ್ನಿಂಗ್ ಚಿತ್ರ, ಅಡಿಕೆ ದರ, ಜಾತ್ರೆಯ ತಿರುಗುವ ತೊಟ್ಟಿಲಲ್ಲಿ ಕೂತ ಫೋಟೋ ಇವನ್ನೆಲ್ಲ ತೆಗೆದಿದ್ದೇನೆ.

ಬೆಂಗಳೂರು ಅಣ್ಣ: ತಗೋ, ಎರಡು ಸ್ಕ್ರೀನ್‌ಶಾಟ್. ಒಂದು ಗೂಗಲ್ ಮ್ಯಾಪ್, ಇನ್ನೊಂದು ಯುಡೈಸ್ ರಿಪೋರ್ಟ್ ಕಾರ್ಡ್, ಸರ್ಕಾರ ಪ್ರತಿ ಶಾಲೆಯ ಲೆಕ್ಕ ಇಡುತ್ತದಲ್ಲ, ಅದು. ಮ್ಯಾಪಿನಲ್ಲಿ ನಮ್ಮೂರ ಶಾಲೆಗೆ 3.4 ಸ್ಟಾರ್.

ಬೆಂಗಳೂರು ಅಣ್ಣ: ಯುಡೈಸ್‌ನಲ್ಲಿ ಮಕ್ಕಳು 34, ಶಿಕ್ಷಕರು 2, ಕೋಣೆ 4. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆ, ಗ್ರಂಥಾಲಯ ಇದೆ, ಕಾಂಪೌಂಡ್ ಮಾತ್ರ ಅರ್ಧ. ಅಂದರೆ 17 ಮಕ್ಕಳಿಗೆ ಒಬ್ಬರು. ಇಲ್ಲಿ ನನ್ನ ಮಗನ ಸೆಕ್ಷನ್ನಿನಲ್ಲಿ 42 ಮಕ್ಕಳು. ಇದರಲ್ಲಿ ಯೋಚನೆ ಮಾಡಲು ಎಂತ ಇದೆ?

ಶಿರಸಿ ಚಿಕ್ಕಪ್ಪ: 3.4 ಸ್ಟಾರ್ ಇರುವ ಹೋಟೆಲ್ಲಿಗೆ ನೀನು ಊಟಕ್ಕೂ ಹೋಗುವುದಿಲ್ಲ. ಕೂಸನ್ನು ಐದು ವರ್ಷ ಕಳಿಸು ಅಂತೀಯ.

ನಾನು: ಆ ಸ್ಟಾರ್ ಯಾರು ಕೊಟ್ಟಿದ್ದು ಅಂತ ನೋಡಿದೆ ಚಿಕ್ಕಪ್ಪ. ಒಟ್ಟು ಐದೇ ಜನ. ಒಬ್ಬರು ‘ಭಾನುವಾರ ಹೋದೆವು, ಗೇಟು ಹಾಕಿತ್ತು’ ಅಂತ ಒಂದು ಸ್ಟಾರ್ ಕೊಟ್ಟಿದ್ದಾರೆ. ಇನ್ನೊಬ್ಬರು ‘ಮತಗಟ್ಟೆಯಲ್ಲಿ ನೆರಳು, ನೀರು ಚೆನ್ನಾಗಿತ್ತು’ ಅಂತ ಐದು. ಮತ್ತೊಬ್ಬರು ಐದು ಒತ್ತಿ ಏನೂ ಬರೆದಿಲ್ಲ, ಪಕ್ಕದಲ್ಲಿರುವುದು ದೊಡ್ಡಪ್ಪನ ಫೋಟೋ.

ದೊಡ್ಡಪ್ಪ: ಹೌದು. ನಮ್ಮ ಶಾಲೆ. ಐದಕ್ಕಿಂತ ಜಾಸ್ತಿ ಒತ್ತಲಿಕ್ಕೆ ಬರಲಿಲ್ಲ.

ಶಿರಸಿ ಚಿಕ್ಕಪ್ಪ: ಸ್ಟಾರ್ ಬಿಡಿ. ನಾನೇ ಪರೀಕ್ಷೆ ಮಾಡಿದ್ದೇನೆ. ದೀಪಾವಳಿಗೆ ಬಂದಾಗ ಪಕ್ಕದ ಮನೆ ಮಾಣಿಗೆ, ಒಂದನೇ ಕ್ಲಾಸು, ಅ ಆ ಇ ಈ ಹೇಳು ಅಂದೆ. ‘ಅ’ ಹೇಳಿ ನಿಂತ. ಮುಂದೆ ಮಾತೇ ಇಲ್ಲ! ಜೂನಿಂದ ಅಲ್ಲಿ ತನಕ ಎಂತ ಕಲಿಸಿದರು? ಮೂರು ಕ್ಲಾಸಿನವರನ್ನು ಒಂದೇ ಕೋಣೆಯಲ್ಲಿ ಕುರಿ ಕೂಡಿದ ಹಾಗೆ ಕೂಡಿದರೆ ಮತ್ತೇನಾಗುತ್ತದೆ?

ಕುಮಟಾ ಅತ್ತೆ: ತಮ್ಮಾ, ಆ ಮಾಣಿಗೆ ಬೇರೆ ಎಂತ ಕೇಳಿದೆ?

ಶಿರಸಿ ಚಿಕ್ಕಪ್ಪ: ಬೇರೆ ಎಂತ ಕೇಳುವುದು ಅಕ್ಕಾ, ಮೊದಲನೆಯದೇ ಬರಲಿಲ್ಲ.

ಅತ್ತೆ 31 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಿ ಆದವರು. ಅರ್ಧ ಗಂಟೆ ‘ಟೈಪ್ ಮಾಡುತ್ತಿದ್ದಾರೆ’ ಅಂತ ತೋರಿಸಿತು. ಅವರು ಪೂರ್ಣವಿರಾಮ ಹಾಕುವುದಿಲ್ಲ, ಮಕ್ಕಳಿಗೆ ಹಾಕಿಸಿ ಸಾಕಾಗಿದೆಯಂತೆ. ಕೆಳಗಿನದಕ್ಕೆ ನಾನು ಹಾಕಿದ್ದೇನೆ.

ಕುಮಟಾ ಅತ್ತೆ: ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿಗೆ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈಯಿಂದ ಅಲ್ಲ. ಮೊದಲ ಗುಂಪು ರ ಗ ಸ ದ ಅ. ಬರೆಯಲು ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರ. ಈ ಐದು ಬಂದರೆ ಸಾಕು, ಮಗು ಓದಲು ಶುರು ಮಾಡುತ್ತದೆ. ಸರ, ದರ, ರಸ, ಅರಸ, ಅಗಸ, ಗರಗಸ. ಬಸ್ಸಿನ ಬೋರ್ಡಿನಲ್ಲಿ ಗದಗ ಅಂತ ಇದ್ದರೆ ಅದನ್ನೂ ಓದುತ್ತದೆ. ಅ ಆ ಇ ಈ ಉ ಊ ಬಾಯಿಪಾಠ ಮಾಡಿದ ಮಗುವಿಗೆ ಅಷ್ಟರಲ್ಲೇ ಓದಲು ಎಷ್ಟು ಶಬ್ದ ಸಿಗುತ್ತದೆ, ನೀನೇ ಹೇಳು. ಅನುಕ್ರಮ ಆಮೇಲೆ ಬರುತ್ತದೆ. ನೀನು ಗರಗಸ ಬರೆ ಅನ್ನಬೇಕಿತ್ತು. ಬರೆಯದಿದ್ದರೆ ಆಗ ಶಾಲೆಯನ್ನು ಬೈ, ನಾನೂ ಬರುತ್ತೇನೆ ಜೊತೆಗೆ.

ಕುಮಟಾ ಅತ್ತೆ: ಮೂರು ಕ್ಲಾಸು ಒಟ್ಟಿಗೆ ಕೂರಿಸುವುದು ಸೋಮಾರಿತನ ಅಲ್ಲ, ಪದ್ಧತಿಯೇ ಹಾಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಕಲಿಯುವ ಕಾರ್ಡು ಇರುತ್ತದೆ, ಯಾವುದಾದ ಮೇಲೆ ಯಾವುದು ಅಂತ ತೋರಿಸುವ ಕಲಿಕಾ ಏಣಿ ಇರುತ್ತದೆ, ಮಕ್ಕಳು ತಟ್ಟೆ ತಟ್ಟೆಯಾಗಿ, ಅಂದರೆ ಸಣ್ಣ ಗುಂಪಾಗಿ ಕೂರುತ್ತಾರೆ. ಮಳೆಗೆ ಹಳ್ಳ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ವಾಪಸ್ ಬಂದರೆ ತಾನು ನಿಂತ ಮೆಟ್ಟಿಲಿಂದಲೇ ಹತ್ತುತ್ತದೆ, ಪಾಠ ಮುಂದೆ ಹೋಯಿತು ಅನ್ನುವ ಮಾತೇ ಇಲ್ಲ. ನಮ್ಮ ಘಟ್ಟಕ್ಕೆ ಇದಕ್ಕಿಂತ ಹೊಂದುವುದು ಯಾವುದಿದೆ? ಆದರೆ ಮಾಡುವವರು ಮಾಡಿದರೆ ಮಾತ್ರ. ಕಾರ್ಡು ಕಪಾಟಿನಲ್ಲಿ, ಮಕ್ಕಳು ಮಗ್ಗಿ ಕೂಗುತ್ತ ಕೂತಿರುವ ಕೋಣೆಯನ್ನೂ ನಾನು ನೋಡಿದ್ದೇನೆ.

ದೊಡ್ಡಪ್ಪ: ಇದೆಲ್ಲ ಈಗಿನ ಆಟ. ಅಪ್ಪಯ್ಯ ಮುಲ್ಕಿ ಪಾಸು, ಏಳನೆಯ ಪರೀಕ್ಷೆ. ಆಗ ನಾವು ಮುಂಬೈ ಪ್ರಾಂತ್ಯ. ಮುಲ್ಕಿ ಪಾಸಾದವನು ಕೋರ್ಟಿನ ಕಾಗದ ತಾನೇ ಬರೆಯುತ್ತಿದ್ದ.

ಕುಮಟಾ ಅತ್ತೆ: ಅಣ್ಣಯ್ಯ, ಅಪ್ಪಯ್ಯನ ಜೊತೆ ಒಂದನೇ ಕ್ಲಾಸಿಗೆ ಕೂತವರಲ್ಲಿ ಎಷ್ಟು ಜನ ಮುಲ್ಕಿ ತನಕ ಬಂದರು? ಆಯಿ ಯಾಕೆ ಹೆಬ್ಬೆಟ್ಟು ಒತ್ತುತ್ತಿದ್ದಳು?

ಇದಕ್ಕೆ ದೊಡ್ಡಪ್ಪ ಕೈ ಮುಗಿಯುವ ಚಿತ್ರ ಹಾಕಿ ತೋಟಕ್ಕೆ ಹೋದರು.

ಬೆಂಗಳೂರು ಅಣ್ಣ: ಸರಿ ಅತ್ತೆ, ಬಾಯಿಪಾಠ ಬೇಡ. ಅಂಕಿ ಅಂಶ ಇದೆಯಲ್ಲ. ಹಳ್ಳಿ ಮಕ್ಕಳ ಓದು, ಲೆಕ್ಕ ಪರೀಕ್ಷೆ ಮಾಡುವ ಅಸರ್ ವರದಿ ನೋಡೋಣ. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ಉತ್ತರ ಕನ್ನಡ ರಾಜ್ಯಕ್ಕೇ ಮೂರನೆಯದು. ಬುಡ ಗಟ್ಟಿ ಇಲ್ಲದೆ ಮೇಲೆ ಹಾಗೆ ಬರುತ್ತದಾ?

ಕುಮಟಾ ಅತ್ತೆ: ಎಸ್‌ಎಸ್‌ಎಲ್‌ಸಿ ಬರೆದ ಮಕ್ಕಳು ಒಂದನೇ ಕ್ಲಾಸಿಗೆ ಹೋಗಿದ್ದು ಹತ್ತು ವರ್ಷ ಹಿಂದೆ. ಆಮೇಲೆ ಎರಡು ಶಾಲೆ ಬದಲಾಗಿದೆ, ಟ್ಯೂಷನ್ ಆಗಿದೆ. ಅದರಲ್ಲಿ ನಮ್ಮೂರ ಶಾಲೆಯ ಪಾಲು ಯಾವುದು ಅಂತ ಹೇಗೆ ಬಿಡಿಸುತ್ತೀಯ? ಅಸರ್ ಒಳ್ಳೆಯದೇ. ಒಂದೊಂದೇ ಮಗುವನ್ನು ಕೂರಿಸಿ ಓದಿಸುತ್ತಾರೆ. ಆದರೆ ಅವರು ಹೋಗುವುದು ಮನೆಗೆ. ಒಂದು ಜಿಲ್ಲೆಗೆ 30 ಹಳ್ಳಿ, ಒಂದು ಹಳ್ಳಿಗೆ 20 ಮನೆ. ಅದರಿಂದ ಜಿಲ್ಲೆಯ ನಾಡಿ ಗೊತ್ತಾಗುತ್ತದೆ. ನಮ್ಮ ಶಾಲೆ ಹೇಗಿದೆ ಅಂತ ಗೊತ್ತಾಗುವುದಿಲ್ಲ.

ಕುಮಟಾ ಅತ್ತೆ: ಮತ್ತೆ 17ಕ್ಕೆ ಒಬ್ಬರು ಅಂದೆಯಲ್ಲ. ಕಾನೂನು ಅಷ್ಟೇ ಹೇಳುವುದು, 60ರ ತನಕ ಮಕ್ಕಳಿದ್ದರೆ ಇಬ್ಬರು. ಆದರೆ ಕ್ಲಾಸು ಐದು. ಒಬ್ಬರು ಮೀಟಿಂಗಿಗೋ, ತರಬೇತಿಗೋ, ಮತದಾರರ ಪಟ್ಟಿಗೋ ಹೋದ ದಿನ ಉಳಿದವರು 34 ಮಕ್ಕಳಿಗೆ ಒಬ್ಬರೇ. 2025ರ ಜಾತಿ ಸಮೀಕ್ಷೆಗೆ ಮನೆ ಮನೆ ತಿರುಗಿದ್ದು ಶಿಕ್ಷಕರೇ, ದಸರಾ ರಜೆ ಅಕ್ಟೋಬರ್ 18ರ ತನಕ ಎಳೆಯಿತು. ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು. ಅದರಲ್ಲಿ ಇಬ್ಬರೂ ಶಾಲೆಯಲ್ಲಿ ಇದ್ದದ್ದು ಎಷ್ಟು ದಿನ? ಅದು ನಿನ್ನ ಕಾರ್ಡಿನಲ್ಲಿ ಇದೆಯಾ ನೋಡು.

ಬೆಂಗಳೂರು ಅಣ್ಣ: ಇಲ್ಲ.

ಕಾರವಾರ ಭಾವ: ನಾನು ಶಾಲೆ ನೋಡುವುದು ಅಡುಗೆಮನೆಯಿಂದ. ಸಾರಿನಲ್ಲಿ ಬೇಳೆ ಇದ್ದರೆ ಒಳ್ಳೆ ಶಾಲೆ.

ಇದು ನಗೆಯಾಡಲು ಹೇಳಿದ್ದು. ಆದರೆ ಆಮೇಲೆ ಯೋಚಿಸಿದರೆ ಪೂರ್ತಿ ತಮಾಷೆಯೂ ಅಲ್ಲ ಅನ್ನಿಸಿತು.

ಶಿರಸಿ ಚಿಕ್ಕಪ್ಪ: ಅಕ್ಕಾ, ನೀನು ಹೇಳುವುದೆಲ್ಲ ಸರಿ. ಒಂದೇ ಒಂದಕ್ಕೆ ಉತ್ತರ ಕೊಡು. ಇಂಗ್ಲಿಷ್? ಮುಂದೆ ಕಾಲೇಜಿಗೆ ಹೋದಾಗ ಕೂಸು ತಿಣುಕಬೇಕಾ? ನಾನು ತಿಣುಕಿದ್ದೇನೆ. ಪಿಯುಸಿಯಲ್ಲಿ ಮೂರು ತಿಂಗಳು ಲೆಕ್ಚರರ್ ಹೇಳಿದ್ದು ಒಂದಕ್ಷರ ಗೊತ್ತಾಗದೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನಿಮಗೆ ಯಾರಿಗೂ ಹೇಳಿರಲಿಲ್ಲ.

ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ಕುಮಟಾ ಅತ್ತೆ: ನನಗೂ ಗೊತ್ತಿರಲಿಲ್ಲ ತಮ್ಮಾ. ಸರ್ಕಾರಿ ಶಾಲೆಯಲ್ಲಿ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಇದೆ. ಪುಸ್ತಕ ಇದೆ. ಆದರೆ ಕಲಿಸುವವರಿಗೆ ಧೈರ್ಯ ಬೇಕಲ್ಲ. ನನಗೆ ಇರಲಿಲ್ಲ. ಪದ್ಯ ಹಾಡಿಸುತ್ತಿದ್ದೆ, ಮಾತಾಡಲು ಹೆದರುತ್ತಿದ್ದೆ. ಅದನ್ನು ನಾನು ಸಮರ್ಥನೆ ಮಾಡುವುದಿಲ್ಲ.

ನಾನು: ಹಾಗಾದರೆ ನಾನು ಎಂತ ನೋಡಬೇಕು ಅತ್ತೆ? ಸೀದಾ ಹೇಳು.

ಕುಮಟಾ ಅತ್ತೆ: ಪ್ರತಿಭಾ ಕಾರಂಜಿ ದಿನ ಹೋಗಬೇಡ, ಗ್ಯಾದರಿಂಗ್ ದಿನ ಹೋಗಬೇಡ. ಸುಮ್ನೆ ಒಂದು ಮಂಗಳವಾರವೋ ಬುಧವಾರವೋ ಹೋಗು. ಜಾಣ ಮಕ್ಕಳ ಬರೆಯುವ ಪಟ್ಟಿ (ನೋಟ್‌ಬುಕ್) ಅವರೇ ತೋರಿಸುತ್ತಾರೆ, ಕ್ಲಾಸಿನಲ್ಲಿ ಎಲ್ಲರಿಗಿಂತ ಹಿಂದೆ ಇರುವ ಮಗುವಿನದ್ದನ್ನು ಕೇಳು. ಜೂನಿನ ಹಾಳೆ, ಫೆಬ್ರವರಿ ಹಾಳೆ ಎರಡೂ ಪಕ್ಕಪಕ್ಕ ಇಟ್ಟು ನೋಡು. ನಾನು ಕಾರವಾರ ತಾಲೂಕಿನಲ್ಲಿ ಇದ್ದಾಗ ಒಂದನೇ ಕ್ಲಾಸಿಗೆ ಬಂದವರೆಲ್ಲ ಮನೆಯಲ್ಲಿ ಕೊಂಕಣಿ ಮಾತಾಡುವ ಮಕ್ಕಳು. ಜುಲೈನಲ್ಲಿ ಒಬ್ಬ ಸಾಹೇಬರು ಬಂದು ಕನ್ನಡದಲ್ಲಿ ಪ್ರಶ್ನೆ ಕೇಳಿದರು. ಮಕ್ಕಳು ಬಾಯಿ ಬಿಡಲಿಲ್ಲ. ‘ಕಲಿಕೆ ತೀರಾ ಕಡಿಮೆ’ ಅಂತ ಬರೆದು ಹೋದರು. ಅದೇ ಮಕ್ಕಳು ಮಾರ್ಚಿನಲ್ಲಿ ನನಗೆ ಕಥೆ ಹೇಳುತ್ತಿದ್ದರು. ಅದನ್ನು ಬರೆದುಕೊಳ್ಳಲು ಯಾರೂ ಬರಲಿಲ್ಲ.

ಕುಮಟಾ ಅತ್ತೆ: ಮತ್ತೆ ಗ್ರಂಥಾಲಯದ ಪುಸ್ತಕ ಮುಟ್ಟಿ ನೋಡು. ಅಂಚು ಕೊಳೆಯಾಗಿದ್ದರೆ ಸಂತೋಷಪಡು.

ಬುಧವಾರ ಹೋದೆ. ರಾತ್ರಿ ಗುಂಪಿಗೆ ಹಾಕಿದ್ದು ಇದು.

ನಾನು: ಹೋಗಿ ಬಂದೆ. ಹೆಡ್‌ಮಾಸ್ತರರು ಶಿರಸಿಗೆ ಮೀಟಿಂಗಿಗೆ ಹೋಗಿದ್ದರು. ಇದ್ದದ್ದು ಸಣ್ಣ ಅಕ್ಕೋರು, ಅಂದರೆ ಕಿರಿಯ ಟೀಚರ್, ಒಬ್ಬರೇ, ಅತ್ತೆ ಹೇಳಿದ ಹಾಗೆ 34 ಮಕ್ಕಳ ಜೊತೆ. ನಾಲ್ಕು, ಐದನೆಯವರನ್ನು ಜಗಲಿಯಲ್ಲಿ ಬರೆಯಲು ಕೂರಿಸಿ ಅವರು ಸಣ್ಣವರ ಜೊತೆ ನೆಲಕ್ಕೆ ಕೂತಿದ್ದರು. ಕಾರ್ಡುಗಳು ಹೊರಗೇ ಇದ್ದವು, ಮೂಲೆ ಸವೆದು ಮೆತ್ತಗಾಗಿವೆ. ತೋಟದ ಕೆಲಸಕ್ಕೆ ಹಾವೇರಿ ಕಡೆಯಿಂದ ಬಂದವರ ಮಗ ಒಬ್ಬ ಇದ್ದಾನೆ, ನವೆಂಬರಿನಲ್ಲಿ ಸೇರಿದ್ದು, ಮನೆಯಲ್ಲಿ ಲಂಬಾಣಿ. ಅಕ್ಕೋರು ನೀರಿನ ಚಿತ್ರ ಹಿಡಿದು ‘ನಿಮ್ಮಲ್ಲಿ ಇದಕ್ಕೆ ಎಂತ ಅಂತಾರೆ?’ ಅಂದರು. ‘ಪಾಣಿ’ ಅಂದ. ಎಲ್ಲರಿಂದಲೂ ಪಾಣಿ ಅನ್ನಿಸಿ, ಆಮೇಲೆ ಅವನಿಂದ ನೀರು ಅನ್ನಿಸಿದರು. ಎಲ್ಲರಿಗಿಂತ ಹಿಂದೆ ಯಾರು ಅಂತ ಕೇಳಿದ್ದಕ್ಕೆ ಅವರಿಗೆ ಸ್ವಲ್ಪ ಬೇಸರ ಆಯಿತು. ಆದರೂ ಒಂದು ಪಟ್ಟಿ ಕೊಟ್ಟರು. ಜೂನಿನಲ್ಲಿ ಬರೀ ಗೀಚು. ಕೊನೆಯ ಹಾಳೆಯಲ್ಲಿ ಜಾತ್ರೆ ಬಗ್ಗೆ ಮೂರು ಸಾಲು. ಒತ್ತಕ್ಷರ ಒಂದೂ ಸರಿ ಇಲ್ಲ, ಆದರೆ ಓದಿದರೆ ತೊಟ್ಟಿಲಲ್ಲಿ ಕೂತು ಹೆದರಿದ್ದು ಗೊತ್ತಾಗುತ್ತದೆ.

ನಾನು: ಇನ್ನು ಬೈಯುವುದು. ಜಗಲಿಯಲ್ಲಿ ಇದ್ದ ಏಳು ಮಕ್ಕಳಿಗೆ 402ರಲ್ಲಿ 178 ಕಳೆಯಿರಿ ಅಂದೆ. ಇಬ್ಬರದ್ದು ಸರಿ. ಉಳಿದವರು ಸೊನ್ನೆ ಬಂದಲ್ಲಿ ಸಿಕ್ಕಿಬಿದ್ದರು. ಅವರ ಪಟ್ಟಿ ತೆಗೆದರೆ ತಪ್ಪು ಲೆಕ್ಕಕ್ಕೂ ಕೆಂಪು ಶಾಯಿಯಲ್ಲಿ ಸರಿ ಗುರುತು! ನೋಡದೆ ಎಳೆದದ್ದು. ಗ್ರಂಥಾಲಯದ ಕಪಾಟಿಗೆ ಬೀಗ, ಕೀಲಿಕೈ ಹೆಡ್‌ಮಾಸ್ತರರ ಹತ್ತಿರ. ಗಾಜಿನಿಂದ ನೋಡಿದೆ, ಪುಸ್ತಕಗಳು ಹೊಸ ಮದುಮಗಳ ಹಾಗೆ ಇವೆ. ಭಾವ, ಸಾರಿನಲ್ಲಿ ಬೇಳೆ ಇತ್ತು.

ಕಾರವಾರ ಭಾವ: ಮುಗಿಯಿತು ಹಾಗಾದರೆ. ಸೇರಿಸು.

ಶಿರಸಿ ಚಿಕ್ಕಪ್ಪ: ಮೂರನೇ ಕ್ಲಾಸಿನ ತನಕ ಚೆನ್ನಾಗಿದೆ, ನಾಲ್ಕರಿಂದ ಇಲ್ಲ. ಹಾಗೇ ತಾನೇ? ಯುಡೈಸ್‌ನಲ್ಲಿ ಎರಡಕ್ಕೂ ಒಂದೇ ಕಾರ್ಡು.

ನಾನು: ಹೌದು. ಸದ್ಯಕ್ಕೆ ಮೂರು ವರ್ಷ ಇಲ್ಲೇ, ಆಮೇಲೆ ನೋಡೋಣ ಅಂತ ನನ್ನ ಲೆಕ್ಕ. ಬೆಳಿಗ್ಗೆ ಏಳೂಕಾಲಿಗೆ ಆರು ವರ್ಷದ ಕೂಸನ್ನು ಜುಲೈ ಮಳೆಯಲ್ಲಿ ವ್ಯಾನ್ ಹತ್ತಿಸಲು ನನಗೆ ಮನಸ್ಸಿಲ್ಲ. ಇಂಗ್ಲಿಷ್ ನಾನು ಮನೆಯಲ್ಲಿ ಮಾತಾಡಿಸುತ್ತೇನೆ. ಹಾಗೆ ಮಾಡಲು ಆಗದವರ ಮಕ್ಕಳಿಗೆ ಇದು ಉತ್ತರ ಅಲ್ಲ, ಗೊತ್ತು ಚಿಕ್ಕಪ್ಪ.

ಶಿರಸಿ ಚಿಕ್ಕಪ್ಪ: ಆ ಅಕ್ಕೋರಿಗೆ ವರ್ಗ ಆದರೆ?

ನಾನು: ವರ್ಗ ಅಲ್ಲ, ಅದಕ್ಕಿಂತ ಕಷ್ಟ. ಅವರು ಅತಿಥಿ ಶಿಕ್ಷಕಿ, ಆ ವರ್ಷದ ಮಟ್ಟಿಗೆ ತಗೊಂಡವರು. ಹುದ್ದೆ ಖಾಲಿ ಇದೆ. ಈ ಏಪ್ರಿಲ್ ಆದ ಮೇಲೆ ಅವರಿಗೇ ಗೊತ್ತಿಲ್ಲ.

ಕುಮಟಾ ಅತ್ತೆ: ಅಯ್ಯೋ ಮಾರಾಯ್ತಿ, ಇದನ್ನು ಮೊದಲು ಹೇಳುವುದಲ್ವಾ? ಉಳಿದದ್ದೆಲ್ಲ ಆಮೇಲೆ. ಅಣ್ಣಯ್ಯ, ನೀನು ಎರಡು ಸಲ ಎಸ್‌ಡಿಎಂಸಿ, ಅಂದರೆ ಶಾಲೆಯ ಸಮಿತಿ, ಅಧ್ಯಕ್ಷ ಆಗಿದ್ದವನು. ಐದು ಸ್ಟಾರ್ ಒತ್ತಿದ್ದೀಯ.

ಒಂಬತ್ತೂವರೆಗೆ ದೊಡ್ಡಪ್ಪ ಮತ್ತೆ ಕಾಣಿಸಿಕೊಂಡರು. ಸಾಮಾನ್ಯವಾಗಿ ಅವರು ಎಂಟಕ್ಕೇ ಮಲಗುತ್ತಾರೆ.

ದೊಡ್ಡಪ್ಪ: ನಾಳೆ ಎಂಟೂವರೆ ಬಸ್ಸಿಗೆ ಶಿರಸಿಗೆ ಹೋಗುತ್ತೇನೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಬರುವ ವರ್ಷ ನಮ್ಮ ಶಾಲೆಗೆ ಅತಿಥಿ ಶಿಕ್ಷಕರನ್ನು ಕೊಡುತ್ತಾರಾ ಇಲ್ಲವಾ ಕೇಳಿ ಬರುತ್ತೇನೆ. ಅರ್ಜಿ ಯಾರಾದರೂ ಬರೆದು ಕೊಡಿ, ನನ್ನ ಕೈ ನಡುಗುತ್ತದೆ.

ಕುಮಟಾ ಅತ್ತೆ: ಹತ್ತು ನಿಮಿಷದಲ್ಲಿ ಕಳಿಸುತ್ತೇನೆ. ಪೂರ್ಣವಿರಾಮ ಕೂಸಿನ ಆಯಿ ಹಾಕುತ್ತಾಳೆ.

ಶಿರಸಿ ಚಿಕ್ಕಪ್ಪ: ಅಣ್ಣಯ್ಯ, ಬಸ್‌ಸ್ಟ್ಯಾಂಡಿಗೆ ಬರುತ್ತೇನೆ, ಬೈಕಿನಲ್ಲಿ ಹೋಗೋಣ. ಕೀಲಿಕೈ ವಿಷಯವನ್ನೂ ಅರ್ಜಿಯಲ್ಲಿ ಹಾಕಿ.

ಶಿರಸಿ ಚಿಕ್ಕಪ್ಪ: ಆದರೂ ವ್ಯಾನಿನವನ ನಂಬರ್ ಕಳಿಸಿದ್ದೇನೆ. ಇಟ್ಟುಕೊಂಡಿರು.