ಪದಚರ್ಚೆ: ಮೇಣ 'ಕಳೆದುಹೋದ' ಎರಕವೋ, ಮೇಣ 'ಕಳೆದ' ಎರಕವೋ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಸರಿಯಾದ ಕನ್ನಡ ಬೇಕಿತ್ತು. ಹುಡುಕುತ್ತಾ ಹೋದ ಹಾಗೆ ಒಂದರ ಬೆನ್ನಿಗೆ ಇನ್ನೊಂದು ಬಂದು ಈಗ ನಾಲ್ಕೈದಾಗಿವೆ. ಎಲ್ಲವನ್ನೂ ಇಲ್ಲೇ ಕೇಳಿಬಿಡುತ್ತೇನೆ. ಕಾಗದ ಉದ್ದ ಆಯಿತು, ದಯವಿಟ್ಟು ಬಿಡುವಾಗಿ ಓದಿ.

ಹದಿನಾಲ್ಕು ವರ್ಷದಿಂದ ನಾನು ಕೈಯಲ್ಲಿ ಎರಕ ಹೊಯ್ದ ಪ್ರಾಣಿಗಳನ್ನು ಕೂಡಿಡುತ್ತಿದ್ದೇನೆ. ಆನೆ, ಗೂಳಿ, ಆಮೆ, ಕುದುರೆ, ನವಿಲು, ಹೀಗೆ ಒಟ್ಟು 23 ಇವೆ. ಎಲ್ಲವೂ ಈಗಿನ ಕೆಲಸಗಾರರು ಮಾಡಿದವು. 100 ವರ್ಷ ದಾಟಿದ ಮೂರ್ತಿ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ನೋಂದಾಯಿಸಬೇಕು. ಅಂಥದ್ದನ್ನು ನಾನು ಮುಟ್ಟುವುದಿಲ್ಲ. ಜೊತೆಗೆ, ಮಾಡಿದವರ ಜೊತೆ ಕೂತು ಮಾತಾಡಿ ತಂದ ವಸ್ತುವಿನ ಮೇಲೆ ಬರುವ ಪ್ರೀತಿಯೇ ಬೇರೆ.

ಈಗ ನಮ್ಮ ಬಡಾವಣೆಯ ವಾಚನಾಲಯದವರು ಇವನ್ನೆಲ್ಲ ಒಂದು ವಾರ ಜನರಿಗೆ ತೋರಿಸೋಣ ಅಂದಿದ್ದಾರೆ. ಪ್ರತಿ ಪ್ರಾಣಿಯ ಮುಂದೆ ಒಂದು ಚೀಟಿ ಇಡಬೇಕು. ಚೀಟಿ ಕನ್ನಡದಲ್ಲೇ ಇರಬೇಕು, ಐದನೇ ಕ್ಲಾಸಿನ ಮಗುವಿಗೂ ಅರ್ಥ ಆಗಬೇಕು ಅಂತ ನನ್ನ ಆಸೆ. ಮೊದಲ ಚೀಟಿಯಲ್ಲೇ ಕೈ ನಿಂತುಹೋಯಿತು.

ಮೇಣದ ಗೊಂಬೆಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಹೊಯ್ಯುವ ವಿಧಾನಕ್ಕೆ ಇಂಗ್ಲಿಷಿನಲ್ಲಿ 'ಲಾಸ್ಟ್ ವ್ಯಾಕ್ಸ್' ಅನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನು ಬರೆಯುವುದು? 'ಕಳೆದುಹೋದ ಮೇಣದ ತಂತ್ರ' ಅಂತ ಬರೆದದ್ದನ್ನು ನೋಡಿದ್ದೇನೆ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಕಳೆದುಹೋಗುವುದು ಅಂದರೆ ಕಾಣೆಯಾಗುವುದು. ಕೊಡೆ ಕಳೆದುಹೋಗುತ್ತದೆ, ಬೀಗದ ಕೈ ಕಳೆದುಹೋಗುತ್ತದೆ. ಇಲ್ಲಿ ಮೇಣ ಕಾಣೆಯಾಗಿಲ್ಲ. ಅದನ್ನು ಬೇಕಂತಲೇ ಕರಗಿಸಿ ಹೊರಗೆ ಹರಿಸುತ್ತಾರೆ. ಲೋಹಕ್ಕೆ ಜಾಗ ಮಾಡಿಕೊಡುವುದೇ ಅದರ ಕೆಲಸ.

ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿದ್ದರೆ ಪದ ಆರಿಸುವುದು ಸುಲಭ. ನನ್ನ ಮೇಜಿನ ಮೇಲಿರುವ ಒಂದು ಆನೆಯ ಕತೆ ಹೇಳುತ್ತೇನೆ. ಇದು ಛತ್ತೀಸ್‌ಗಢದ ಬಸ್ತರ್ ಸೀಮೆಯ ಕೊಂಡಗಾಂವ್‌ನದು. ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದು. ಇದನ್ನು ಮಾಡಿದವರು ಘಡವಾ ಜನ. ಅಂಗಡಿಯಲ್ಲಿ 'ಢೋಕ್ರಾ' ಅಂತ ಮಾರುತ್ತಾರೆ. ಆದರೆ ಢೋಕ್ರಾ ಅನ್ನುವುದು ಮೂಲದಲ್ಲಿ ಬಂಗಾಳ, ಒಡಿಶಾ ಕಡೆಯ ಎರಕದ ಜನರ ಹೆಸರು. ಜನರ ಹೆಸರೇ ಕಸುಬಿಗೂ ಅಂಟಿಕೊಂಡಿತು.

ಮೊದಲು ಭತ್ತದ ಹೊಟ್ಟು, ಸಗಣಿ ಕಲೆಸಿದ ಮಣ್ಣಿನಲ್ಲಿ ಆನೆಯ ಒಡಲು ಮಾಡುತ್ತಾರೆ. ಒಣಗಿಸುತ್ತಾರೆ. ಆಮೇಲೆ ಜೇನುಮೇಣವನ್ನು ಎಳೆ ಎಳೆಯಾಗಿ ಒತ್ತುತ್ತಾರೆ. ನಮ್ಮ ಶಾವಿಗೆ ಒರಳು ನೆನಪಿಸಿಕೊಳ್ಳಿ, ಅಂಥದ್ದೇ ಕೆಲಸ. ಆ ಎಳೆಗಳನ್ನು ಒಂದರ ಪಕ್ಕ ಒಂದು ಮಣ್ಣಿನ ಮೈಗೆ ಸುತ್ತುತ್ತಾರೆ. ಕಣ್ಣು, ಕಿವಿ, ಗೆಜ್ಜೆಸರ ಎಲ್ಲ ಮೇಣದ್ದೇ. ಅದರ ಮೇಲೆ ಸೋಸಿದ ನುಣ್ಣನೆ ಮಣ್ಣು, ಅದರ ಮೇಲೆ ಒರಟು ಮಣ್ಣು. ಮೇಲೆ ಒಂದು ಬಾಯಿ ಬಿಡುತ್ತಾರೆ. ಬೆಂಕಿಗೆ ಇಟ್ಟರೆ ಮೇಣ ಕರಗಿ ಹೋಗುತ್ತದೆ. ಒಳಮಣ್ಣು ಹೊರಮಣ್ಣಿನ ನಡುವೆ ಮೇಣದಷ್ಟೇ ದಪ್ಪದ ಸಂದು ಉಳಿಯುತ್ತದೆ. ಕರಗಿದ ಲೋಹ ಹೋಗಿ ಕೂರುವುದು ಆ ಸಂದಿನಲ್ಲಿ. ಆರಿದ ಮೇಲೆ ಹೊರಮಣ್ಣನ್ನು ಒಡೆಯುತ್ತಾರೆ. ಆನೆ ಹೊರಗೆ ಬರುತ್ತದೆ.

ಈ ಆನೆಯನ್ನು ತಿರುಗಿಸಿ ಹೊಟ್ಟೆ ನೋಡಿದರೆ ಎಳೆಗಳ ಗೆರೆಗಳು ಎಣಿಸುವ ಹಾಗೆ ಕಾಣುತ್ತವೆ. ಹಿಂದಿನ ಎಡಗಾಲಿನ ಸಂದಿಯಲ್ಲಿ ಒಂದು ಕಡೆ ಎಳೆ ಚಪ್ಪಟೆಯಾಗಿದೆ. ಭೂತಕನ್ನಡಿ ಹಿಡಿದರೆ ಅಲ್ಲಿ ಬೆರಳಿನ ಗೆರೆಗಳಿವೆ. ಮೇಣ ಮೆತ್ತಗಿದ್ದಾಗ ಯಾರೋ ಹೆಬ್ಬೆರಳಿನಲ್ಲಿ ಒತ್ತಿದ್ದಾರೆ. ಮೇಣ ಹೋಯಿತು, ಬೆರಳಚ್ಚು ಲೋಹದಲ್ಲಿ ಉಳಿಯಿತು. ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಈಗ ಪದಕ್ಕೆ ಬರೋಣ. ಕನ್ನಡದಲ್ಲಿ 'ಕಳೆ' ಅನ್ನುವುದಕ್ಕೆ ತೆಗೆದುಹಾಕು ಅನ್ನುವ ಅರ್ಥವೂ ಇದೆ, ಅಲ್ವಾ? ಕೂಡುವ ಲೆಕ್ಕ, ಕಳೆಯುವ ಲೆಕ್ಕ ಅನ್ನುತ್ತೇವೆ. ಉತ್ತರ ಕರ್ನಾಟಕದಲ್ಲಿ 'ಅಂಗಿ ಕಳಿ' ಅನ್ನುತ್ತಾರೆ. ಹಾಗಾಗಿ 'ಮೇಣ ಕಳೆದ ಎರಕ' ಅಂದರೆ ಸರಿಹೋಗುತ್ತದೆ ಅಂತ ನನಗನ್ನಿಸುತ್ತದೆ. 'ಹೋದ' ಅನ್ನುವ ಎರಡಕ್ಷರ ತೆಗೆದರೆ ತಪ್ಪೇ ಒಪ್ಪಾಗುತ್ತದೆ. ಇನ್ನೂ ಚಿಕ್ಕದು ಬೇಕಾದರೆ 'ಮೇಣದೆರಕ'. ನಿಮಗೆ ಯಾವುದು ಹಿಡಿಸುತ್ತದೆ?

ಸಂಸ್ಕೃತದ ಹೆಸರು ಕೆಲವರಿಗೆ ಗೊತ್ತಿರಬಹುದು: ಮಧೂಚ್ಛಿಷ್ಟ ವಿಧಾನ. ಮಧು ಅಂದರೆ ಜೇನು, ಉಚ್ಛಿಷ್ಟ ಅಂದರೆ ಎಂಜಲು. ಜೇನು ಹಿಂಡಿದ ಮೇಲೆ ಉಳಿದದ್ದು, ಅಂದರೆ ಮೇಣ. ಎಷ್ಟು ಚೆನ್ನಾಗಿದೆ ನೋಡಿ! ಇದರಲ್ಲಿ ಕಳೆದುಹೋಗುವ ಮಾತೇ ಇಲ್ಲ. ಈ ವಿಧಾನವನ್ನು ವಿವರವಾಗಿ ಬರೆದಿಟ್ಟವನು ನಮ್ಮ ನೆಲದ ದೊರೆ. ಕಲ್ಯಾಣದಿಂದ, ಅಂದರೆ ಈಗಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ. ಅವನು ಆಳಿದ್ದು 1126ರಿಂದ 1138ರವರೆಗೆ. ಅವನ 'ಮಾನಸೋಲ್ಲಾಸ'ದಲ್ಲಿ ಮೇಣದ ಗೊಂಬೆಯನ್ನು ಮೊದಲು ತೂಗಬೇಕು ಅಂತ ಹೇಳಿದೆ. ಆ ತೂಕದ ಮೇಲೆ ಲೋಹದ ಲೆಕ್ಕ. ಬೆಳ್ಳಿಗೆ 12 ಪಟ್ಟು, ಚಿನ್ನಕ್ಕೆ 16 ಪಟ್ಟು.

ಈ ಲೆಕ್ಕ ಇವತ್ತಿಗೂ ನಡೆಯುವುದನ್ನು ಕಣ್ಣಾರೆ ನೋಡಿದ್ದೇನೆ. ಮಂಡ್ಯ ಜಿಲ್ಲೆಯ ನಾಗಮಂಗಲ ಲೋಹದ ಕೆಲಸಕ್ಕೆ ಹೆಸರಾದ ಊರು. ಅಲ್ಲಿ ಒಬ್ಬ ಹಿರಿಯರ ಕೆಲಸದ ಮನೆಯಲ್ಲಿ ಎರಡು ದಿನ ಕೂತಿದ್ದೆ. ಅವರು ಮೇಣಕ್ಕೆ ರಾಳ, ಸ್ವಲ್ಪ ಎಣ್ಣೆ ಬೆರೆಸಿ ಮಲಗಿದ ಗೂಳಿ ಮಾಡಿದ್ದರು. ತಕ್ಕಡಿಯಲ್ಲಿಟ್ಟರು. 240 ಗ್ರಾಂ. 'ಹತ್ತರಿಂದ ಗುಣಿಸ್ಕೊಳ್ಳಿ ಸಾರ್, ಎರಡು ಕಾಲು ಎರಡೂವರೆ ಕಿಲೋ ಬೇಕು' ಅಂದರು. ಮೇಣಕ್ಕಿಂತ ಕಂಚು ಸುಮಾರು ಒಂಬತ್ತು ಪಟ್ಟು ಭಾರ. ಬಾಯಿಯಲ್ಲಿ ಉಳಿಯುವುದಕ್ಕೆ ಅಂತ ಸ್ವಲ್ಪ ಜಾಸ್ತಿ. ಬೆರಣಿಯ ಬೆಂಕಿಯಲ್ಲಿ ಮಣ್ಣಿನ ಮುದ್ದೆ ಕಾಯುತ್ತಿದ್ದಾಗ ನಾನು 'ಈಗ ಏನಾಗ್ತಿದೆ?' ಅಂತ ಕೇಳಿದೆ. 'ಮೇಣ ಇಳೀತಾ ಇದೆ' ಅಂದರು. ಎಷ್ಟು ಸರಾಗವಾದ ಮಾತು! 'ಮೇಣ ಇಳಿಸಿದ ಎರಕ' ಅಂತ ಬರೆದರೂ ಆಗಬಹುದೇನೋ.

ಎರಡನೆಯದು 'ಎರಕ'. ಇದು 'ಎರೆ' ಅನ್ನುವುದರಿಂದ ಬಂದದ್ದು. ತಲೆಗೆ ನೀರೆರೆಯುವುದು, ಗಿಡಕ್ಕೆ ನೀರೆರೆಯುವುದು, ಲೋಹ ಎರೆಯುವುದು ಎಲ್ಲ ಒಂದೇ. ಹಳಗನ್ನಡದಲ್ಲಿ ಎರಕ ಅಂದರೆ ಒಲವು, ಪ್ರೀತಿ ಅನ್ನುವ ಅರ್ಥವೂ ಇದೆ. ನನ್ನ ಪ್ರಶ್ನೆ ಇದಲ್ಲ. ನಾವು 'ಅಪ್ಪನ್ನೇ ಎರಕ ಹೊಯ್ದ ಹಾಗಿದ್ದಾನೆ' ಅನ್ನುತ್ತೇವೆ. ಒಂದರಂತೆ ಇನ್ನೊಂದು ಅನ್ನುವುದಕ್ಕೆ ಈ ಮಾತು. ಆದರೆ ಮೇಣದ ಎರಕದಲ್ಲಿ ಒಂದರಂತೆ ಇನ್ನೊಂದು ಬರುವುದೇ ಇಲ್ಲ! ಮೇಣದ ಗೊಂಬೆ ಕರಗಿಹೋಯಿತು. ಮಣ್ಣನ್ನು ಒಡೆದಾಯಿತು. ಇನ್ನೊಂದು ಬೇಕಾದರೆ ಮತ್ತೆ ಮೊದಲಿಂದ. ಹಾಗಾದರೆ ನಮ್ಮ ಮಾತು ಹುಟ್ಟಿದ್ದು ಬೇರೆ ಬಗೆಯ ಎರಕದಿಂದ, ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಹೊಯ್ಯುವ ಎರಕದಿಂದ ಇರಬೇಕು ಅಂತ ನನ್ನ ಊಹೆ.

ಇಲ್ಲೇ ಮೂರನೆಯ ತೊಡಕು. ನನ್ನ ತಲೆ ಜಾಸ್ತಿ ತಿಂದದ್ದು ಇದು. ಆ ಮಣ್ಣಿನ ಮುದ್ದೆಗೆ ಏನನ್ನಬೇಕು? ಎಲ್ಲರೂ 'ಅಚ್ಚು' ಅಂತಲೇ ಬರೆಯುತ್ತಾರೆ. ಆದರೆ ಅಚ್ಚು ಅಂದ ಕೂಡಲೇ ಅಚ್ಚುಬೆಲ್ಲ, ಸಕ್ಕರೆ ಅಚ್ಚು ನೆನಪಾಗುತ್ತವೆ. ಸಂಕ್ರಾಂತಿಗೆ ನಮ್ಮಜ್ಜಿ ಸಕ್ಕರೆ ಅಚ್ಚು ಹೊಯ್ಯುತ್ತಿದ್ದ ಮರದ ಅಚ್ಚು ಇನ್ನೂ ನಮ್ಮ ಮನೆಯಲ್ಲಿದೆ. ಅದರಲ್ಲಿ ಸಾವಿರ ಗಿಳಿ, ಸಾವಿರ ಆನೆ ಬಂದಿರಬೇಕು. ಅಚ್ಚು ಉಳಿಯುತ್ತದೆ. ಮೇಣದ ಎರಕದ ಮಣ್ಣು ಒಂದು ಸಲ ಹೆತ್ತು ಮುಗಿಯುತ್ತದೆ.

ಹಳೆಯ ಕನ್ನಡದಲ್ಲಿ ಇದಕ್ಕೆ 'ಕರು' ಅನ್ನುವ ಪದ ಸಿಗುತ್ತದೆ. ಕರು ಅಂದರೆ ಎರಕದ ಅಚ್ಚು, ಉಬ್ಬುಚಿತ್ರದ ಕೆಲಸ. ಕರುವಿಡು ಅಂದರೆ ಎರಕ ಹೊಯ್ಯು. ತಮಿಳಿನಲ್ಲಿ ಕರು ಅಂದರೆ ಅಚ್ಚೂ ಹೌದು, ಬಸಿರಿನ ಪಿಂಡವೂ ಹೌದು. ಒಳಗೊಂದು ರೂಪ ಇಟ್ಟುಕೊಂಡು, ಕಾವಿನಲ್ಲಿ ಕೂತು, ಕೊನೆಗೆ ಒಡೆದು ಅದನ್ನು ಹೊರಗೆ ಕೊಡುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಪದ ನನಗಂತೂ ಹೊಳೆಯುತ್ತಿಲ್ಲ. ನಾಗಮಂಗಲದಲ್ಲಿ ಆ ಹಿರಿಯರು ಸುತ್ತಿಗೆ ಹಿಡಿದು ಮಣ್ಣು ಒಡೆಯುವಾಗ ಮನೆಯವರೆಲ್ಲ ಬಂದು ನಿಂತರು. ಹೆರಿಗೆ ಕೋಣೆಯ ಹೊರಗೆ ನಿಂತ ಹಾಗೆ. ಮೊದಲು ಕೊಂಬು ಕಂಡಿತು, ಮಸಿ ಹಿಡಿದು ಕಪ್ಪಗಿತ್ತು. ಆಮೇಲೆ ಬೆನ್ನಿನ ಡುಬ್ಬ. ಗಾಳಿ ಹೊರಗೆ ಹೋಗುವ ಕಂಡಿ ಕಟ್ಟಿಕೊಂಡರೆ ಒಳಗೆ ತೂತು ಬೀಳುತ್ತದಂತೆ. ಡುಬ್ಬದಲ್ಲಿ ತೂತಿರಲಿಲ್ಲ. ಅವರು ಆಗ ನಕ್ಕರು.

ಈಗ ತೊಂದರೆ ಏನೆಂದರೆ, ಕರು ಅಂದರೆ ಇವತ್ತು ಎಲ್ಲರಿಗೂ ಹಸುವಿನ ಕರು. ಅದೂ ಗೂಳಿಯ ಮುಂದೆ ಇಡುವ ಚೀಟಿಯಲ್ಲಿ! 'ಕರುವನ್ನು ಒಡೆದು ಗೂಳಿಯನ್ನು ತೆಗೆದರು' ಅಂತ ಬರೆದರೆ ಮಕ್ಕಳು ಗಾಬರಿಯಾಗುತ್ತಾರೆ. 'ಮಣ್ಣುಗರು' ಅಂತ ಕೂಡಿಸಿದರೆ ಹೇಗೆ? ಅಥವಾ 'ಒಡೆಯಚ್ಚು'? ವ್ಯಾಕರಣ ಬಲ್ಲವರು ಹೇಳಬೇಕು. ಒಳಗಿನ ಮಣ್ಣಿಗೆ ಮಾತ್ರ ನಾನು 'ತಿರುಳು' ಅಂತ ಬರೆಯುತ್ತಿದ್ದೇನೆ, ಅದರಲ್ಲಿ ಗೊಂದಲ ಇಲ್ಲ.

ತಿರುಳು ಇದ್ದರೆ ಟೊಳ್ಳು ಎರಕ, ಇಲ್ಲದಿದ್ದರೆ ಗಟ್ಟಿ ಎರಕ. ಶಿಲ್ಪದವರು ಸುಷಿರ, ಘನ ಅನ್ನುತ್ತಾರೆ. ಬಸ್ತರ್‌ನ ಆನೆ ಟೊಳ್ಳು. ನಾಗಮಂಗಲದ ಗೂಳಿ ಗಟ್ಟಿ. ತಮಿಳುನಾಡಿನ ಸ್ವಾಮಿಮಲೈಯವರೂ ಕಾವೇರಿಯ ಮೆಕ್ಕಲು ಮಣ್ಣು ಮೆತ್ತಿ ಗಟ್ಟಿ ಎರಕವನ್ನೇ ಮಾಡುತ್ತಾರೆ. 1974ರಲ್ಲಿ ಮಹಾರಾಷ್ಟ್ರದ ದೈಮಾಬಾದ್‌ನಲ್ಲಿ ನೆಲದಡಿ ಸಿಕ್ಕ ಆನೆ, ಖಡ್ಗಮೃಗ, ಕೋಣ, ಜೋಡೆತ್ತಿನ ರಥ ಈ ನಾಲ್ಕೂ ಗಟ್ಟಿ ಎರಕ. ಒಟ್ಟು ತೂಕ 60 ಕಿಲೋಗೂ ಜಾಸ್ತಿ. ಹರಪ್ಪದ ಕಾಲ ಮುಗಿಯುತ್ತಾ ಬಂದಾಗಿನವು ಅಂತ ಹೇಳುತ್ತಾರೆ. ಮೂರೂ ಪ್ರಾಣಿಗಳ ಕಾಲ ಕೆಳಗೆ ಗಾಲಿ ಸಿಕ್ಕಿಸುವ ಏರ್ಪಾಟಿದೆ. 'ಟೊಳ್ಳು' ಅಂದರೆ ನೋಡುವವರಿಗೆ ಕಳಪೆ ಅನ್ನಿಸೀತೇ ಅನ್ನುವ ಅಳುಕು ನನಗಿದೆ. ನಿಜವಾಗಿ ಟೊಳ್ಳು ಎರಕದಲ್ಲೇ ಕೈಚಳಕ ಜಾಸ್ತಿ ಬೇಕು. ಬೇರೆ ಪದ ಇದ್ದರೆ ತಿಳಿಸಿ.

ನಾಲ್ಕನೆಯದು ಕಂಚು. ಅಂಗಡಿಯವರು ಎಲ್ಲವನ್ನೂ ಕಂಚು ಅಂತಲೇ ಮಾರುತ್ತಾರೆ. ಬಸ್ತರ್‌ನ ಕೆಲಸ ಹೆಚ್ಚಾಗಿ ಹಿತ್ತಾಳೆ, ಹಳೆ ಪಾತ್ರೆ ಕರಗಿಸಿದ್ದು. ತಾಮ್ರಕ್ಕೆ ತವರ ಬೆರೆತರೆ ಕಂಚು, ಸತು ಬೆರೆತರೆ ಹಿತ್ತಾಳೆ. ಹಿತ್ತಾಳೆ ಹಳದಿ, ಮೂರ್ತಿಯ ಕಂಚು ಕೆಂಪುಗಂದು. ಆದರೆ ನಮ್ಮ ಹಿರಿಯರು ಕಂಚನ್ನು ಗುರುತಿಸುತ್ತಿದ್ದದ್ದು ದನಿಯಿಂದ. ಜಾಗಟೆ, ಗಂಟೆ, ಊಟದ ತಟ್ಟೆ. 'ಕಂಚಿನ ಕಂಠ' ಅನ್ನುವ ಮಾತು ಸುಮ್ನೆ ಬಂದದ್ದಲ್ಲ. ಗಂಟೆಯ ಕಂಚಿನಲ್ಲಿ ನೂರಕ್ಕೆ ಇಪ್ಪತ್ತರ ಮೇಲೆ ತವರ ಇರುತ್ತದೆ. ದನಿ ಚೆನ್ನ, ಆದರೆ ಬಿದ್ದರೆ ಒಡೆಯುತ್ತದೆ. ಮೂರ್ತಿಗೆ ಹಾಕುವುದು ಹತ್ತರ ಆಸುಪಾಸು. ಎರಡಕ್ಕೂ ಕಂಚು ಅನ್ನುವ ಒಂದೇ ಪದ ಸಾಕೇ? ನಾನು ಸದ್ಯಕ್ಕೆ 'ಕಂಚು', 'ಹಿತ್ತಾಳೆ' ಅಂತ ಬೇರೆ ಬೇರೆ ಬರೆಯುತ್ತಿದ್ದೇನೆ. 23ರಲ್ಲಿ ಕಂಚಿನವು ಒಂಬತ್ತೇ. ವಾಚನಾಲಯದವರು ಬಾಗಿಲಿಗೆ 'ಕಂಚಿನ ಪ್ರಾಣಿಗಳು' ಅಂತ ಬೋರ್ಡು ಬರೆಸಿದ್ದಾರೆ. ತಿದ್ದಿಸಬೇಕು.

ಕೊನೆಯದು ಕಿಲುಬು. ಕಂಚಿನ ಮೇಲೆ ವರ್ಷಗಟ್ಟಲೆ ನಿಧಾನಕ್ಕೆ ಕಟ್ಟುವ ಕಂದು, ಹಸಿರು ಬಣ್ಣ ಇದೆಯಲ್ಲ, ಕೂಡಿಡುವವರಿಗೆ ಅದೇ ಪ್ರಾಣ. ಕನ್ನಡದಲ್ಲಿ ಇರುವ ಪದ ಕಿಲುಬು. ಕಿಲುಬು ಅಂದರೆ ತಿಕ್ಕಿ ತೆಗೆಯಬೇಕಾದದ್ದು, ಊಟಕ್ಕೆ ವಿಷ. ನನ್ನ ಮೊದಲ ಆಮೆಯನ್ನು ಅಮ್ಮ ಯುಗಾದಿಯ ಹಿಂದಿನ ದಿನ ದೇವರ ಸಾಮಾನಿನ ಜೊತೆ ಹುಣಸೆಹಣ್ಣು ಹಾಕಿ ಬೆಳಗಿಟ್ಟರು. ಫಳಫಳ ಹೊಳೆಯುತ್ತಿತ್ತು. ಚಿಪ್ಪಿನ ಮೇಲಿದ್ದ ಕಡುಗಂದು ಪೂರ್ತಿ ಹೋಗಿತ್ತು. ಅಮ್ಮನದು ತಪ್ಪಲ್ಲ. ಅವರಿಗೆ ಗೊತ್ತಿದ್ದ ಪದ ಅವರಿಗೆ ಆ ಕೆಲಸ ಹೇಳಿತು. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಲೋಹವನ್ನು ತಿನ್ನುತ್ತದೆ, ಅದು ಕಿಲುಬೇ. ಗಟ್ಟಿಯಾಗಿ ಅಂಟಿಕೊಂಡು ಕಾಪಾಡುವ ಪದರಕ್ಕೆ ಬೇರೆ ಪದ ಬೇಕು. 'ಪೊರೆ' ಅನ್ನಬಹುದೇ? ಪೊರೆ ಅಂದರೆ ಪದರವೂ ಹೌದು, ಕಾಪಾಡು ಅನ್ನುವುದೂ ಹೌದು.

ತುಳುನಾಡಿನವರಲ್ಲಿ ಒಂದು ವಿಶೇಷ ಕೋರಿಕೆ. ಪಂಜುರ್ಲಿ ದೈವದ ಹಂದಿಮೊಗದ ಮುಖವಾಡವನ್ನು ಲೋಹದಲ್ಲಿ ಮಾಡುವುದೂ ಇದೇ ಮೇಣದ ಎರಕದಲ್ಲಿ. ಮೊಗ ಮಾಡುವವರ ಪರಿಚಯ ಇದ್ದವರು ದಯವಿಟ್ಟು ಕೇಳಿ ನೋಡಿ. ಮಣ್ಣಿನ ಮುದ್ದೆಗೆ ಏನನ್ನುತ್ತಾರೆ, ಮೇಣ ತೆಗೆಯುವುದಕ್ಕೆ ಏನನ್ನುತ್ತಾರೆ? ತುಳುವಿನಲ್ಲೇ ಬರೆದು ಕಳಿಸಿ, ಸಾಕು.

ಚೀಟಿಗಳು ಮುಂದಿನ ಶುಕ್ರವಾರ ಅಚ್ಚಿಗೆ ಹೋಗಬೇಕು. ಗೂಳಿಯದು ಸದ್ಯಕ್ಕೆ ಹೀಗಿದೆ: 'ಮಲಗಿದ ಗೂಳಿ. ಕಂಚು. ನಾಗಮಂಗಲ. ಮೇಣ ಕಳೆದ ಗಟ್ಟಿ ಎರಕ. ಮಣ್ಣುಗರು ಒಡೆದಿದೆ. ಇಂಥದ್ದು ಇನ್ನೊಂದಿಲ್ಲ.' ಎಲ್ಲಿ ಎಡವುತ್ತದೆ, ಹೇಳಿ.